ಕೆಳಗೆ ನಿಂತು ಹೊರುವುದು

'ಸಫರ್' ಎನ್ನುವ ಇಂಗ್ಲಿಷ್ ಮಾತು ಎಲ್ಲರ ಮನೆಯಲ್ಲೂ ಇದೆ, ನೋಡಿ. ಅಜ್ಜಿ ಕೂಡ ಹೇಳುತ್ತಾರೆ, "ಮಂಡಿನೋವಿಂದ ಶಾನೆ ಸಫರ್ ಆಗ್ತಾ ಇದೀನಪ್ಪ." ಹಿಂದಿಯವರಿಗೆ ಸಫರ್ ಅಂದರೆ ಪ್ರಯಾಣ, ನಮ್ಮ ಬಸ್ಸು ಹತ್ತಿದವರಿಗೆ ಎರಡೂ ಒಂದೇ. ಇರಲಿ. ಮೊನ್ನೆ ಅದರ ಮೂಲ ಹುಡುಕಿದೆ. ಲ್ಯಾಟಿನ್ನಿನಲ್ಲಿ 'ಸಬ್' ಅಂದರೆ ಕೆಳಗೆ, 'ಫೆರ್' ಅಂದರೆ ಹೊರು. ಕೆಳಗೆ ನಿಂತು ಹೊರುವುದು. ನನಗೆ ಗೊಂದಲವಾಯಿತು. ಹಾಗಾದರೆ ನೋವು ಎಲ್ಲಿ ಹೋಯಿತು? ಹಲ್ಲು ಕಚ್ಚುವುದು ಎಲ್ಲಿ ಹೋಯಿತು?

ಒಂದು ಬೆಟ್ಟದ ಊರು, ಅಲ್ಲೊಬ್ಬ ಸಿರಿವಂತ. ಜೀಪು ಇತ್ತು, ಆದರೆ ಅದು ಬೆಟ್ಟದ ಬುಡದಲ್ಲೇ ನಿಲ್ಲಬೇಕು. ಒಂದು ಬೆಳಿಗ್ಗೆ ಅವನ ತಾಯಿಗೆ ಎದೆನೋವು ಬಂತು. ಊರವರು ಬಿದಿರಿನ ಗಳಕ್ಕೆ ಕಂಬಳಿ ಕಟ್ಟಿ ಜೋಲಿ ಮಾಡಿ ಮುದುಕಿಯನ್ನು ಮಲಗಿಸಿದರು. ಮುಂದೊಬ್ಬ, ಹಿಂದೊಬ್ಬ ಹೊರುವುದು. ಉಳಿದವರು ಪಕ್ಕದಲ್ಲಿ ನಡೆಯುವುದು. ಹೊತ್ತವನು "ಹೆಗಲ್" ಎಂದೊಡನೆ ಪಕ್ಕದವನು ಗಳದಡಿ ನುಗ್ಗಬೇಕು. ಅದು ಅಲ್ಲಿಯ ಪದ್ಧತಿ.

"ನನ್ನ ತಾಯಿ, ನಾನೇ ಹೊರ್ತೀನಿ" ಎಂದು ಸಿರಿವಂತ ಹಿಂದೆ, ತಾಯಿಯ ತಲೆಯ ಕಡೆ, ಹೆಗಲು ಕೊಟ್ಟ. ಮುಂದಿದ್ದವನು ಊರಿಗೇ ಗಟ್ಟಿ ಆಳು. ತುಸು ಇಳಿಯುವಷ್ಟರಲ್ಲೇ "ಹೆಗಲ್" ಎಂದುಬಿಟ್ಟ. ಸಿರಿವಂತ ತಬ್ಬಿಬ್ಬಾದ.

"ಏನಯ್ಯಾ, ಮುದ್ದೆ ಉಂಡಿಲ್ವಾ?"

"ಉಂಡಿವ್ನಿ ಯಜಮಾನ್ರೇ."

"ಮತ್ತೆ?"

"ಮತ್ತೇನು, ಹೆಗಲು ಬದ್ಲಾಯಿಸ್ದೆ."

ಇದೂ ಒಂದು ಉತ್ತರವೇ? ಸಿರಿವಂತನಿಗೆ ಅರ್ಥವಾಗಲಿಲ್ಲ. ನಿಮಗಾಯಿತಾ? ಇಲ್ಲ ತಾನೇ?

ಮುಂದೆ ಜನ ಬದಲಾಗುತ್ತಲೇ ಇದ್ದರು. ಹಿಂದೆ ಇವನೊಬ್ಬನೇ. ಹೆಗಲು ಉರಿಯಿತು, ಕೂಗಲಿಲ್ಲ. ಮೊಣಕಾಲು ನಡುಗಿತು, ಕೂಗಲಿಲ್ಲ. ಹೆತ್ತವಳಿಗಾಗಿ ಇಷ್ಟೂ ತಾಳದವನು ಎಂಥ ಮಗ, ಎಂದುಕೊಂಡ. ಪಾಚಿಗಲ್ಲಿನ ಇಳಿಜಾರು ಬಂತು, ಪಕ್ಕದಲ್ಲೇ ಕೊರಕಲು. ಕಾಲು ಜಾರಿತು, ಜೋಲಿ ಕೊರಕಲಿನ ಕಡೆ ವಾಲಿತು.

ಕಂಬಳಿಯೊಳಗಿಂದ ಸಣ್ಣ ದನಿ ಬಂತು: "ಹೆಗಲ್."

ಎಲ್ಲರಿಗೂ ಗಲಿಬಿಲಿ. ಮಲಗಿದವರು ಕೂಗುವುದುಂಟೆ? ಪಕ್ಕದವನು ಮಾತ್ರ ಯೋಚಿಸದೆ ಗಳದಡಿ ನುಗ್ಗಿದ. ಜೋಲಿ ನೆಟ್ಟಗಾಯಿತು.

"ನಾನು ಸೋತಿರ್ಲಿಲ್ಲ ಕಣವ್ವ" ಎಂದ ಮಗ.

"ಆಗ್ಲಿಂದ ನನ್ ತಲೆ ಗಡಗಡ ಅಂತಾ ಐತೆ ಕಣ್ಲಾ. ಎದೆನೋವ್ ಮರ್ತು ನಿನ್ ಕಾಲ್ನೇ ಕಾಯ್ಕಂಡು ಮನಗಿವ್ನಿ. ನೀನು ನನ್ನ ಹೊತ್ತಿದ್ಯೋ, ನಾನು ನಿನ್ನ ಹೊತ್ತಿದ್ನೋ?"

ಮುದುಕಿ ಆಸ್ಪತ್ರೆ ಮುಟ್ಟಿ ಬದುಕಿದಳು. ಹೇಳದಿದ್ದರೆ ನೀವು ಕೇಳುತ್ತೀರಿ, ಅದಕ್ಕೇ ಹೇಳಿದೆ.

ಈಗ ನಿಮ್ಮ ವಿಷಯ. ಸಹನೆಯೆಂದರೆ ಬಾಯಿ ಮುಚ್ಚಿಕೊಳ್ಳುವುದು ಎಂದು ನಮಗೆ ಯಾರು ಹೇಳಿದರು? ಎದೆ ಹಿಡಿದುಕೊಂಡು "ಬರೀ ಗ್ಯಾಸ್ಟ್ರಿಕ್ಕು" ಎನ್ನುವ ರಾಯರೇ, ನಿಮ್ಮ ನಡುಕ ಮನೆಯವರಿಗೆ ತಿಳಿದಿಲ್ಲವೇ? ನೀವು ಯಾರನ್ನು ಹೊತ್ತಿದ್ದೀರೋ ಅವರಿಗೇ, ನೋಡಿ, ಅದು ಮೊದಲು ತಿಳಿಯುವುದು. ಹೊರೆ ಬಿಸಾಡಿ ಎಂದು ನಾನು ಹೇಳಲಿಲ್ಲ. ಬೀಳುವ ಮುಂಚೆ ಕೂಗಿ. ತುಸು ದೂರ ಬರಿಗೈಯಲ್ಲಿ ನಡೆದು ಮತ್ತೆ ಹೊರಿ. ಇನ್ನು, ಪಕ್ಕದಲ್ಲಿ ಆರಾಮಾಗಿ ನಡೆಯುತ್ತಿರುವವರೇ, ನಿಮಗೂ ಕೆಲಸವಿದೆ. ಇವತ್ತು ಮನೆಗೆ ಹೋದಾಗ ಅಡುಗೆಮನೆಯಲ್ಲಿ ಯಾರಾದರೂ ಸೊಂಟ ಹಿಡಿದು ನಿಂತಿದ್ದರೆ "ಅಯ್ಯೋ ಪಾಪ" ಎನ್ನಬೇಡಿ. ಕೈಯಿಂದ ಸೌಟು ಇಸಿದುಕೊಳ್ಳಿ.