ಎಲೆಯಿಲ್ಲದ ಸೆಂಡಾಯ್

ಫ್ಯಾನಿನ ಕೆಳಗೆ ಕುಳಿತಿರುವ ಅಧ್ಯಕ್ಷರೇ, ಅತಿಥಿಗಳೇ, ಫ್ಯಾನಿಲ್ಲದ ಕಡೆ ಬೆವರುತ್ತಿರುವ ಸಭಿಕರೇ,

ನಮ್ಮ ನಗರ ಸೌಂದರ್ಯ ಸಮಿತಿಯ ಪ್ರಭು ಜಪಾನಿನ ಕೋಟೆ ನಗರ ಸೆಂಡಾಯ್ ನೋಡಿ ಬಂದು, ಚಿತ್ರದುರ್ಗವನ್ನೂ ಹಾಗೆಯೇ ಮಾಡಿದ್ದಕ್ಕೆ ಈ ಸನ್ಮಾನ. ಪ್ರಭು ನನ್ನ ಅಕ್ಕ ಓಬಕ್ಕನ ಮಗ. ಆದ್ದರಿಂದ ನಾಲ್ಕು ಮಾತು ಹೊಗಳಿ ಶಾಲು ಹೊದಿಸುವ ಕೆಲಸ ನನ್ನ ಪಾಲಿಗೆ ಬಂದಿದೆ.

ಸೆಂಡಾಯ್ ಎಂದರೇನು? ನಮ್ಮ ಪಾಳೆಯಗಾರರ ಹಾಗೆ ಅಲ್ಲಿಯೂ ಒಬ್ಬ ದೊರೆಯಿದ್ದ. ಬೆಟ್ಟದ ಮೇಲೆ ಕೋಟೆ ಕಟ್ಟಿದ. ಸರದಾರರಿಗೆಲ್ಲ ಮನೆಯಂಗಳದಲ್ಲಿ ಮರ ಬೆಳೆಸಿ ಎಂದ. ಆಮೇಲೆ ಯುದ್ಧದಲ್ಲಿ ಊರೇ ಸುಟ್ಟುಹೋಯಿತು. ಅಲ್ಲಿನ ಜನ ರಸ್ತೆಯ ಇಕ್ಕೆಲದಲ್ಲೂ ಮತ್ತೆ ಮರ ನೆಟ್ಟು ಹಸಿರು ನಗರ ಎಂದು ಹೆಸರು ಪಡೆದರು. ಎಂಥ ದಡ್ಡರು ನೋಡಿ! ಕೋಟೆಯಲ್ಲಿ ಕಲ್ಲಿನ ಗೋಡೆ ಬಿಟ್ಟರೆ ಹೆಚ್ಚೇನೂ ಉಳಿದಿಲ್ಲವಂತೆ, ಪಾಪ, ಇನ್ನೇನು ಮಾಡಿಯಾರು? ನಮ್ಮದು ಏಳು ಸುತ್ತಿನ ಕೋಟೆ, ಗಟ್ಟಿಯಾಗಿದೆ. ನಮಗೆ ಮರ ಯಾಕೆ?

ಪ್ರಭು ಹೋದದ್ದು ಡಿಸೆಂಬರಿನಲ್ಲಿ. ಚಳಿಗೆ ಎಲೆಯುದುರಿದ ಮರಗಳಿಗೆ ಅಲ್ಲಿ ದೀಪದ ಸರ ಸುತ್ತುತ್ತಾರೆ. ಬಂದವನೇ ಫೋಟೊ ತೋರಿಸಿದ. "ನೋಡು ಚಿಕ್ಕಮ್ಮ, ಒಂದ್ ಎಲೆನಾದ್ರೂ ಐತಾ? ಅದ್ಕೇ ಊರು ಅಷ್ಟ್ ಕ್ಲೀನಾಗೈತೆ." ಚಳಿ ಕಳೆದರೆ ಚಿಗುರುತ್ತವೆ ಎಂದು ಅವನಿಗೆ ಯಾರೂ ಹೇಳಲಿಲ್ಲವಂತೆ. ಮಕ್ಕಳಿಗೂ ಗೊತ್ತಿರುವುದನ್ನು ಅತಿಥಿಗೆ ಹೇಳುವುದುಂಟೇ?

ಹಾಗಾಗಿ ಕೋಟೆ ರಸ್ತೆಯ ಹೊಂಗೆ ಮರಗಳನ್ನೆಲ್ಲ ಬೋಳಿಸಿ ದೀಪ ಸುತ್ತಿದೆವು. ಈಗ ಬಸ್ಸಿಗೆ ಕಾಯುವವರು ಲೈಟ್ ಕಂಬದ ನೆರಳಿನಲ್ಲಿ ಒಬ್ಬರ ಹಿಂದೊಬ್ಬರು ಸಾಲಾಗಿ ನಿಲ್ಲುತ್ತಾರೆ. ಶಿಸ್ತು ಮಾತ್ರ ಜಪಾನಿನದೇ.

ಉಳಿದಿರುವುದು ತಿರುವಿನ ಬೇವಿನ ಮರ ಒಂದೇ. ನಾಳೆ ಅದರ ಸರದಿ.

ಈ ರಸ್ತೆಗೆ ಜಲ್ಲಿ ಹಾಕುವಾಗ ಅಕ್ಕನೂ ನಾನೂ ಭರಮಸಾಗರದಿಂದ ಕೂಲಿಗೆ ಬರುತ್ತಿದ್ದೆವು. ಕೂಲಿ ಹೆಂಗಸರ ಮಕ್ಕಳಿಗೆ ತೊಟ್ಟಿಲೆಲ್ಲಿ? ಕೊಂಬೆಗೆ ಹಳೆ ಸೀರೆ ಕಟ್ಟಿ ಜೋಲಿ ಮಾಡುತ್ತಿದ್ದೆವು. ಪ್ರಭು ಮಲಗಿ ಬೆಳೆದದ್ದು ಆ ಬೇವಿನ ಕೊಂಬೆಯಲ್ಲಿ. ಇದನ್ನು ಹೇಳಬಾರದೆಂದಿದ್ದೆ, ಬಾಯಿ ತಪ್ಪಿ ಬಂತು. ಆಹ್ವಾನ ಪತ್ರಿಕೆಯಲ್ಲಿ ಅವನನ್ನು ಪಾಳೆಯಗಾರರ ವಂಶದ ಕುಡಿ ಎಂದು ಅಚ್ಚು ಹಾಕಿಸಿದ್ದಾರೆ. ಇರಲಿ, ದೊಡ್ಡವರ ವಿಷಯ.

ನಿನ್ನೆ ಅಕ್ಕ ಕೈಮುಗಿದು ಕೇಳಿದಳು. "ಅದೊಂದು ಬಿಡೋ ಪ್ರಭು."

"ಒಂದು ಬಿಟ್ರೆ ಸೆಂಡಾಯ್ ಥರ ಕಾಣಲ್ಲ ಕಣವ್ವ" ಎಂದ. ಹೆತ್ತವಳು ಮಗನಿಗೆ ಕೈಮುಗಿದದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದೆ.

ಶಾಲು ಎಲ್ಲಿ ಎಂದು ಅಧ್ಯಕ್ಷರು ಆಗಿನಿಂದ ಸನ್ನೆ ಮಾಡುತ್ತಿದ್ದಾರೆ. ಅದನ್ನು ಬೆಳಿಗ್ಗೆಯೇ ಅಕ್ಕನಿಗೆ ಕೊಟ್ಟೆ. ಅವಳು ಅದನ್ನು ಆ ಕೊಂಬೆಗೇ ಜೋಲಿ ಕಟ್ಟಿ, ಕೆಳಗೆ ಕಂಬಳಿ ಹಾಸಿಕೊಂಡು ಕೂತಿದ್ದಾಳೆ. "ಗರಗಸ ಇಡಾಕೆ ಮುಂಚೆ ಜೋಲಿ ಬಿಚ್ಚಬೇಕಲ್ಲ, ಅವ್ನೇ ಬಂದು ಬಿಚ್ಲಿ" ಅಂದಳು.

ಪ್ರಭು, ನಿನ್ನ ಸನ್ಮಾನ ಅಲ್ಲಿ ತೂಗುತ್ತಿದೆ ಕಣಪ್ಪ. ಹೋಗಿ ತಗೋ.

ಇಷ್ಟು ಹೊತ್ತು ಬಿಸಿಲು ಸಹಿಸಿದ ನಿಮಗೆಲ್ಲ ಧನ್ಯವಾದ. ನಮಸ್ಕಾರ.