ಪಿಂಗಾಣಿ ಟಗರು ಒಡೆದ ವಿಚಾರ

ನಾನು ಕ್ಯಾತಪ್ಪ, ತಂದೆ ದಿವಂಗತ ಚಿಕ್ಕಬಸಪ್ಪ, ವಯಸ್ಸು 58 ವರ್ಷ, ಉದ್ಯೋಗ ಉಣ್ಣೆ ವ್ಯಾಪಾರ, ವಿದ್ಯೆ ಏಳನೇ ಕ್ಲಾಸು, ವಾಸ ಗೌರಸಮುದ್ರ ಗ್ರಾಮ, ಚಳ್ಳಕೆರೆ ತಾಲ್ಲೂಕು. ಕುದಾಪುರದ ರಾಕೆಟ್ ಸಾಹೇಬರುಗಳು ಯಂತ್ರಕ್ಕೆ ಚಳಿಯಾಗದ ಹಾಗೆ ಯಾವ ಕುರಿಯ ಉಣ್ಣೆ ಸುತ್ತಬೇಕು ಎಂದು ನನ್ನನ್ನು ಕೇಳಿಯೇ ಮೇಲಕ್ಕೆ ಬಿಡುವುದು. ಇದು ಕೇಸಿಗೆ ಬೇಡ ಎಂದು ಎ.ಎಸ್.ಐ. ಚಂದ್ರಶೇಖರ್ ಸಾಹೇಬರು ಹೇಳಿದರು. ಅಷ್ಟರಲ್ಲಿ ಬರೆದಾಗಿತ್ತು. ನನ್ನ ಕೈಯಿಂದಲೇ ಬರೆದುಕೊಡುತ್ತೇನೆ ಎಂದು ಕೇಳಿಕೊಂಡಿದ್ದರಿಂದ ಅವರ ಎದುರು ಕುಳಿತು ಈ ಮೂಲಕ ತಿಳಿಸುವುದೇನೆಂದರೆ,

ದಿನಾಂಕ 10-02-2025ರಂದು ಇದೇ ಠಾಣೆಯಲ್ಲಿ ನಾನು ಕೊರಿಯರ್ ಹಂಚುವ ಪ್ರಭು ಎಂಬುವರ ಮೇಲೆ ದೂರು ಕೊಟ್ಟಿರುತ್ತೇನೆ. ಎಂಬತ್ತೈದು ಸಾವಿರ ಬೆಲೆಯ ನನ್ನ ಪಿಂಗಾಣಿ ಟಗರನ್ನು ಅವರು ಎಸೆದು ಒಡೆದಿದ್ದಾರೆ ಎಂದು ಬರೆಸಿರುತ್ತೇನೆ. ಆ ದೂರು ಸುಳ್ಳು. ನಡೆದದ್ದು ಈ ಕೆಳಗಿನಂತೆ ಇರುತ್ತದೆ.

18-01-2025ರ ಸಂಜೆ 6 ಗಂಟೆಗೆ ಅಕ್ಕನ ಮಗಳ ಮೊಬೈಲಿನಲ್ಲಿ ಹಳೇ ಸಾಮಾನು ಮಾರುವ ಕಡೆ ಒಂದು ಟಗರು ಕಂಡೆನು. ಬಿಳಿ ಪಿಂಗಾಣಿ, ಒಂದು ಗೇಣು ಎತ್ತರ, ಎರಡು ಸುತ್ತು ಸುತ್ತಿದ ಕೊಂಬು. ಕಾಲಿನ ಕೆಳಗೆ ಇಂಗ್ಲೆಂಡ್ ಎಂದು ಬರೆದಿತ್ತು. ನಲವತ್ತು ವರ್ಷ ಟಗರುಗಳನ್ನು ನೋಡಿದವನು ನಾನು, ಅಂಥ ಕೊಂಬು ನೋಡಿರಲಿಲ್ಲ. ಆರ್ಡರ್ ಮಾಡಿಸಿದೆನು. ಮಾರನೇ ದಿನ ಚಳ್ಳಕೆರೆಯಲ್ಲಿ ಉಣ್ಣೆ ಮಾರುವ ಕಡೆ ಹೋಗಿ, ಇಂಗ್ಲೆಂಡ್ ರಾಣಿಯ ಮನೆಯ ಟಗರು ಎಂದೂ ಎಂಬತ್ತೈದು ಸಾವಿರ ಎಂದೂ ಹೇಳಿದೆನು. ಆ ಕಾಸಿಗೆ ಮೇಯೋ ಟಗರೇ ಬರ್ತಾವಲ್ಲಲೇ ಕ್ಯಾತ, ಇದು ಹಿಕ್ಕೆನಾದ್ರೂ ಹಾಕುತ್ತಾ ಎಂದು ಕೆಂಚಣ್ಣ ಎಂಬ ವ್ಯಾಪಾರಿ ಕೇಳಿದನು. ಎಲ್ಲರೂ ನಕ್ಕರು. ಆದರೂ ನೋಡಲು ಬರುತ್ತೇವೆ ಎಂದರು.

03-02-2025ರಂದು ಬೆಳಿಗ್ಗೆ 11.20ಕ್ಕೆ ಪ್ರಭು ಪಾರ್ಸೆಲ್ ತಂದರು. ಅದು ಚಪ್ಪಲಿ ಡಬ್ಬ. ಅಣ್ಣಾ, ಒಳಗೆ ಏನೋ ಗಲಗಲ ಅಂತೈತೆ, ನನ್ನ ಮುಂದೇನೇ ಬಿಚ್ಚಿ, ಒಡೆದಿದ್ರೆ ಈಗಲೇ ಬರ್ಕತೀನಿ ಎಂದು ಅವರು ಹೇಳಿದರು. ಇದು ಬೆಲೆ ಗೊತ್ತಿರೋರು ಕಳಿಸಿದ್ದು ಕಣಲೇ, ನಿನ್ನ ಕೊತ್ತಂಬರಿ ಬೀಜದ ಪೊಟ್ಟಣ ಅಲ್ಲ ಎಂದು ನಾನು ಹೇಳಿ ಕಳಿಸಿದೆನು. ಬಿಚ್ಚಿ ನೋಡಲಾಗಿ ಒಳಗೆ ಒಂದೇ ಒಂದು ಹಾಳೆ ಪೇಪರ್ ಸುತ್ತಿತ್ತು. ಬಲಗಡೆಯ ಕೊಂಬು ಮುರಿದು ಡಬ್ಬದ ಮೂಲೆಯಲ್ಲಿತ್ತು. ಕೊಂಬು ಮುರಿದ ಟಗರನ್ನ ದೇವರಿಗೂ ಬಿಡಂಗಿಲ್ಲ, ವಾಪಸ್ ಕಳಿಸ್ರಿ ಎಂದು ನನ್ನ ಹೆಂಡತಿ ಮಂಜಮ್ಮ ಹೇಳಿದಳು.

ಅದೇ ದಿನ ಮಧ್ಯಾಹ್ನ 1 ಗಂಟೆಗೆ ಮಾರಿದವರಿಗೆ ಫೋನ್ ಮಾಡಿದೆನು. ತೇಜಶ್ರೀ ಎಂದು ಹೆಸರು, ಮೈಸೂರಿನವರು. ಟಗರು ತಮ್ಮ ಅಜ್ಜಿಯ ಶೋಕೇಸಿನದು, ತಾವು ಹಿಂದೆ ಏನನ್ನೂ ಮಾರಿದವರಲ್ಲ, ಕಟ್ಟುವುದು ಗೊತ್ತಾಗಲಿಲ್ಲ, ತಪ್ಪಾಯಿತು ಎಂದರು. ಕೊಂಬನ್ನು ಅಂಟಿಸಬಹುದು, ಜೋಪಾನವಾಗಿ ಕಳಿಸಿದರೆ ಪೂರ್ತಿ ದುಡ್ಡು ವಾಪಸ್ ಹಾಕುತ್ತೇನೆ ಎಂದರು. ನಾನು ಅವರಿಗೆ 14 ನಿಮಿಷ ಸಾಮಾನು ಕಟ್ಟುವುದು ಹೇಗೆ ಎಂದು ಪಾಠ ಹೇಳಿದೆನು. ನಾನು ಕಟ್ಟಿದರೆ ಕೋಳಿಮೊಟ್ಟೆ ಬೊಂಬಾಯಿಗೆ ಹೋಗಿ ಮರಿಯಾಗಿ ವಾಪಸ್ ಬರುತ್ತದೆ ಎಂದೂ ಹೇಳಿರುತ್ತೇನೆ. ಆಯ್ತು ಸಾರ್ ಎಂದರು. ನನ್ನನ್ನು ಸಾರ್ ಎಂದವರು ಅವರೊಬ್ಬರೇ.

04-02-2025ರ ಸಂಜೆ 4 ಗಂಟೆಗೆ ಸಣ್ಣ ಗೋಣಿಚೀಲಕ್ಕೆ ಉಣ್ಣೆ ಹಾಕಿ, ನಡುವೆ ಟಗರು ಇಟ್ಟು, ಮುರಿದ ಕೊಂಬನ್ನು ಬೇರೆ ಬಟ್ಟೆಯಲ್ಲಿ ಕಟ್ಟಿ, ಮೇಲೆ ಮತ್ತೆ ಉಣ್ಣೆ ತುಂಬಿದೆನು. ಇಲ್ಲಿಯವರೆಗೆ ಎಲ್ಲಾ ಸರಿಯಾಗಿತ್ತು. ನಮ್ಮ ಕಸುಬಿನಲ್ಲಿ ಉಣ್ಣೆ ತುಂಬುವಾಗ ಚೀಲದೊಳಕ್ಕೆ ಇಳಿದು ತುಳಿಯಬೇಕು. ತುಳಿಯದಿದ್ದರೆ ಉಣ್ಣೆ ಉಬ್ಬುತ್ತದೆ, ಚೀಲದ ಬಾಯಿ ಕೂಡುವುದಿಲ್ಲ. ಆವತ್ತೂ ಕೂಡಲಿಲ್ಲ. ನಾನು ಕೆಂಚಣ್ಣನ ಹತ್ತಿರ ಫೋನಿನಲ್ಲಿದ್ದೆನು. ಮೈಸೂರಿನವರಿಗೇ ಪಾಠ ಹೇಳಿಕೊಟ್ಟ ಸಂಗತಿ ಹೇಳುತ್ತಿದ್ದೆನು. ಕಾಲು ತಾನಾಗಿ ಚೀಲದೊಳಕ್ಕೆ ಹೋಯಿತು. ಎಡಗಾಲು, ಬಲಗಾಲು, ಮತ್ತೆ ಎಡಗಾಲು. ಮೂರನೆಯದಕ್ಕೆ ಹಪ್ಪಳ ಮುರಿದಂತೆ ಸದ್ದು ಬಂತು.

ಮಂಜಮ್ಮ ಬಾಗಿಲಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಅವಳ ಕೈ ನಿಂತಿತು. ಅದೇನ್ರೀ ಎಂದು ಕೇಳಿದಳು. ಉಣ್ಣೆಯಲ್ಲಿ ಕಡ್ಡಿ ಇತ್ತು ಎಂದು ಹೇಳಿದೆನು. ಚೀಲ ಬಿಚ್ಚಿ ನೋಡಲಿಲ್ಲ. ದಬ್ಬಣ ತೆಗೆದುಕೊಂಡು ಹೊಲಿದೆನು. ಅಷ್ಟು ಬಾಯಿಗೆ ಒಂಬತ್ತು ಹೊಲಿಗೆ ಸಾಕು. ಇಪ್ಪತ್ತೆರಡು ಹಾಕಿದೆನು.

05-02-2025ರಂದು ಬೆಳಿಗ್ಗೆ 10.10ಕ್ಕೆ ಪ್ರಭು ಚೀಲ ಒಯ್ಯಲು ಬಂದರು. ಒಳಗೆ ಹೆಂಗೈತೆ ಅಂತ ನಾನು ನೋಡಿ ಬರೀಬೇಕು ಅಣ್ಣಾ ಎಂದರು. ನನ್ನ ಹೊಲಿಗೆ ಬಿಚ್ಚೋದೂ ಒಂದೇ, ನನ್ನ ಮಾತು ಸುಳ್ಳು ಅನ್ನೋದೂ ಒಂದೇ ಎಂದು ನಾನು ಹೇಳಿದೆನು. ಅವರು ನಕ್ಕು, ವಸ್ತು ಸರಿ ಇದೆ ಎಂದು ಬರೆದು ಸಹಿ ಮಾಡಿದರು. ಚೀಲವನ್ನು ಸ್ಕೂಟರಿನ ಹಿಂದೆ ಕಟ್ಟಲಿಲ್ಲ. ಮುಂದೆ, ಎರಡು ಮೊಣಕಾಲಿನ ನಡುವೆ ಇಟ್ಟುಕೊಂಡು ಹೋದರು.

08-02-2025ರಂದು ತೇಜಶ್ರೀಯವರು ಫೋಟೋ ಕಳಿಸಿದರು. ಕೊಂಬನ್ನು ಬಿಟ್ಟು ಹದಿನೇಳು ಚೂರು. ಹೊಲಿಗೆ ಇಷ್ಟು ಚೆನ್ನಾಗಿದೆ, ಹೇಗೆ ಒಡೆಯಿತು ಸಾರ್ ಎಂದು ಕೇಳಿದ್ದರು.

10-02-2025ರಂದು ಚಳ್ಳಕೆರೆಯಲ್ಲಿ ಕೆಂಚಣ್ಣ ಮತ್ತು ನಾಲ್ಕು ಜನ, ಎಲ್ಲಿ ನಿನ್ನ ರಾಣಿ ಟಗರು ಎಂದು ಕೇಳಿದರು. ಒಡೆಯಿತು ಎಂದೆನು. ಯಾರು ಒಡೆದರು ಎಂದರು. ನನ್ನ ಬಾಯಲ್ಲಿ ಕೊರಿಯರಿನವನು ಎಂದು ಬಂತು. ಎಂಬತ್ತೈದು ಸಾವಿರ ಅಂದ್ರೆ ಹುಡುಗಾಟನಾ, ನಡಿಯಲೇ ಸ್ಟೇಷನ್ನಿಗೆ ಎಂದು ಕೆಂಚಣ್ಣ ನನ್ನ ಕೈ ಹಿಡಿದು ಕರೆದುಕೊಂಡು ಬಂದನು. ಅದು ಅಷ್ಟು ಬೆಲೆಯದಲ್ಲ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. 11-02ರಂದು ಕೊರಿಯರ್ ಆಫೀಸಿನವರು, ಕೇಸ್ ಮುಗಿಯುವವರೆಗೆ ಕೆಲಸಕ್ಕೆ ಬರಬೇಡ ಎಂದು ಪ್ರಭುವಿಗೆ ತಿಳಿಸಿದ್ದಾರೆ. ಅಂದಿನಿಂದ ಮಂಜಮ್ಮ ಮುದ್ದೆ ಇಟ್ಟು ಒಳಗೆ ಹೋಗುತ್ತಾಳೆ.

13-02-2025ರಂದು ಬೆಳಿಗ್ಗೆ 8.15ಕ್ಕೆ ಪ್ರಭುವಿನ ಹೆಂಡತಿ ಗಂಗಲಕ್ಷ್ಮಿ ನಮ್ಮ ಮನೆಗೆ ಬಂದಳು. ಬೈಯುತ್ತಾಳೆ ಎಂದು ತಿಳಿದು ನಾನೂ ನಾಲ್ಕು ಮಾತು ರೆಡಿ ಮಾಡಿಕೊಂಡಿದ್ದೆನು. ಅವಳು ಬೈಯಲಿಲ್ಲ. ಕ್ಯಾತಣ್ಣ ಸುಳ್ಳು ಹೇಳೋರಲ್ಲ, ಹಳ್ಳದ ಹತ್ರದ ರೋಡ್ ಹಂಪಿನಲ್ಲಿ ನನ್ನ ಗಾಡಿನೇ ಎಗರಿರಬೇಕು ಅಂತ ನಮ್ಮನೆಯವರು ಅಂತಾರೆ, ತಿಂಗಳಿಗೆ ಎರಡು ಸಾವಿರದಂಗೆ ತೀರಿಸ್ತೀವಿ, ಆಫೀಸಿಗೆ ಒಂದು ಮಾತು ಹೇಳಿ ಅಣ್ಣಾ ಎಂದು ಹೇಳಿ ಎರಡು ಸಾವಿರ ಕೊಟ್ಟಳು. ನಾನು ಕೈಗೆ ತೆಗೆದುಕೊಂಡೆನು. ಎಣಿಸಿಯೂ ಎಣಿಸಿದೆನು. ಏಕೆ ಎಣಿಸಿದೆನೋ ಗೊತ್ತಿಲ್ಲ. ಮಂಜಮ್ಮ ಒಳಗಿನಿಂದ ಬಂದು ನನ್ನ ಕೈಯಿಂದ ದುಡ್ಡು ಕಿತ್ತುಕೊಂಡು ಗಂಗಲಕ್ಷ್ಮಿಯ ಸೆರಗಿಗೆ ಗಂಟು ಹಾಕಿ ಕಳಿಸಿದಳು. ಆಮೇಲೆ ನನ್ನ ಕಡೆ ತಿರುಗಿ, ಉಣ್ಣೆಯಲ್ಲಿ ಕಡ್ಡಿ ಇತ್ತಾ ಎಂದು ಕೇಳಿದಳು.

ಈ ದಿನ 14-02-2025ರಂದು ಬೆಳಿಗ್ಗೆ 9.20ಕ್ಕೆ ಠಾಣೆಗೆ ಬರಲು ಬಸ್ಸಿಗೆ ಕಾಯುತ್ತಿದ್ದೆನು. ಪ್ರಭುವನ್ನೂ ಠಾಣೆಗೆ ಕರೆಸಿದ್ದರು. ಅವರು ಸ್ಕೂಟರ್ ನಿಲ್ಲಿಸಿ ಕುಂದ್ರು ಅಣ್ಣಾ ಎಂದರು. ನಾನು ಏತಕ್ಕೆ ಹೋಗುತ್ತಿದ್ದೇನೆ ಎಂದು ಅವರು ಕೇಳಲಿಲ್ಲ. ಹಳ್ಳದ ಹತ್ತಿರ ಬಂದಾಗ ಗಾಡಿಯನ್ನು ನಡೆಯುವಷ್ಟು ನಿಧಾನ ಮಾಡಿ, ಹಂಪ್ ಐತೆ, ಗಟ್ಟಿಯಾಗಿ ಹಿಡ್ಕಳಿ ಎಂದರು. ಸ್ವಲ್ಪವೂ ಎಗರಲಿಲ್ಲ.

ಟಗರು ಒಡೆದದ್ದು ನನ್ನ ಎಡಗಾಲಿನಿಂದ. ಪ್ರಭುವಿನ ತಪ್ಪು ಏನೂ ಇರುವುದಿಲ್ಲ, ಮೈಸೂರಿನವರದೂ ಇರುವುದಿಲ್ಲ. ದೂರು ವಾಪಸ್ ಪಡೆಯುತ್ತೇನೆ. ಈ ಹೇಳಿಕೆಯ ನಕಲನ್ನು ಕೊರಿಯರ್ ಆಫೀಸಿಗೆ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಕೆಂಚಣ್ಣನಿಗೆ ನಾನೇ ಹೇಳುತ್ತೇನೆ.

ನಾನೇ ಬರೆದ ಇದನ್ನು ಸಾಹೇಬರ ಮುಂದೆ ಗಟ್ಟಿಯಾಗಿ ಓದಿ ಹೇಳಿದ್ದೇನೆ. ಬಾಗಿಲ ಹೊರಗೆ ಬೆಂಚಿನ ಮೇಲಿದ್ದ ಪ್ರಭುವಿಗೂ ಕೇಳಿಸಿದೆ. ಮೊದಲು ಬರೆದ ರಾಕೆಟ್ಟಿನ ವಿಚಾರ ಒಂದನ್ನು ಬಿಟ್ಟು ಉಳಿದದ್ದೆಲ್ಲಾ ಸತ್ಯ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 14-02-2025, ಮಧ್ಯಾಹ್ನ 12.40
ಸಹಿ: ಕ್ಯಾತಪ್ಪ

ಸಹಿ ಮಾಡಿದ ಮೇಲೆ ಬರೆದದ್ದು: ಎಂಬತ್ತೈದು ಸಾವಿರ ಸುಳ್ಳಾದರೆ ನಿಜ ಎಷ್ಟು, ಅದನ್ನು ಎಲ್ಲೂ ಬರೆದಿಲ್ಲವಲ್ಲ ಎಂದು ಸಾಹೇಬರು ಕೇಳಿದರು. ಬರೆಯಲೇಬೇಕಾ ಎಂದು ನಾನು ಕೇಳಿದೆನು. ಬರಿ ಎಂದರು. ಟಗರಿಗೆ ರೂ. 640, ವಾಪಸ್ ಕಳಿಸಲು ಕೊರಿಯರಿಗೆ ರೂ. 90. ನನಗಾದ ಒಟ್ಟು ನಷ್ಟ ಏಳುನೂರ ಮೂವತ್ತು ರೂಪಾಯಿ.