ಸೀಲಿಂಗಿನ ಮೇಲಿನ ಸಂಸಾರ

ಹಾರ್ಡ್‌ವೇರ್ ಅಂಗಡಿಯ ಸಾಲಿನಲ್ಲಿ ಸಂದಿ ಮುಚ್ಚುವ ಫೋಮ್ ಡಬ್ಬಿ ಹಿಡಿದು ನಿಂತಿದ್ದ ದರ್ಜಿಯ ಕಿವಿಗೆ ಮುಂದೆ ನಿಂತ ಅಕ್ಕತಂಗಿಯರ ಮಾತು ಬಿತ್ತು.

"ಬಿಸಿಲು ತಡೀಲಿ ಅಂತ ನಿನ್ ಭಾವ ಸೀಲಿಂಗ್ ಮೇಲೆಲ್ಲ ಹಳೇ ಹಾಸಿಗೆ ಹತ್ತಿ ತುಂಬಿಸಿದ್ರು ಕಣೆ."

"ತಂಪಾಯ್ತಾ ಅಕ್ಕ?"

"ಫ್ಯಾನೇ ಬೇಡ. ಹೆಗ್ಗಣಕ್ಕೂ ಹಿಡಿಸ್ತು, ಸಂಸಾರ ಸಮೇತ ಬಂತು."

"ಥೂ!"

"ವಿಷ ಇಟ್ರು. ಆಮೇಲೆ ಹೆಣ ತೆಗೀದೇ ಸಂದಿಗೊಂದಿಗೆಲ್ಲ ಫೋಮ್ ಹೊಡೆದು ಮುಚ್ಚಿದ್ರು. ಈಗ ನೊಣ ಕೂಡ ಬಾಗಿಲವರೆಗೆ ಬಂದು ಮೂಗು ಮುಚ್ಕೊಂಡು ವಾಪಸ್ ಹೋಗುತ್ತೆ."

"ಬಿಚ್ಚಿಸಬಾರದಾ?"

"ತಂಪು ಹೋಗುತ್ತಂತೆ! ಇನ್ನೆಷ್ಟು ದಿನ ನಿನ್ ಮನೇಲಿ ಬಿದ್ದಿರ್ಲಿ?"

"ಏನ್ ಬೇಕಮ್ಮ?" ಅಂಗಡಿಯವನು ಕೇಳಿದ.

"ದೊಡ್ಡ ಸುತ್ತಿಗೆ."

"ಸೀಲಿಂಗಿಗಾ ಅಕ್ಕ?"

"ಮೊದಲು ಸೀಲಿಂಗಿಗೆ."

ಇಬ್ಬರೂ ಹೊರಟರು. ದರ್ಜಿ ಕೈಲಿದ್ದ ಫೋಮ್ ಡಬ್ಬಿಯನ್ನು ಮೆಲ್ಲಗೆ ಕಪಾಟಿಗೆ ಮರಳಿಸಿದ.